ದೊಡ್ಡ ಎಸ್‌ಯುವಿಯ ಬ್ರೇಕ್ ಬಲಪಡಿಸುವುದು: ಯಾವುದು ಮೊದಲು, ಯಾವುದು ಆಮೇಲೆ

ಆ ದಿನ ಚಾರ್ಮಾಡಿ ಘಾಟಿ ಇಳಿಯುವಾಗ ಗಾಡಿಯಲ್ಲಿ ಏಳು ಜನ ಇದ್ದೆವು. ಮೇಲೆ ಕ್ಯಾರಿಯರ್ ತುಂಬ ಲಗೇಜು. ಕೊಟ್ಟಿಗೆಹಾರದಲ್ಲಿ ನೀರುದೋಸೆ ತಿಂದು ಹೊರಟಿದ್ದೆವು. ಅರ್ಧ ಘಾಟಿ ಇಳಿಯುವಷ್ಟರಲ್ಲಿ ಸುಟ್ಟ ವಾಸನೆ ಬಂತು. ಮುಂದಿನ ತಿರುವಿಗೆ ಬ್ರೇಕ್ ಒತ್ತಿದೆ. ಪೆಡಲ್ ಯಾವತ್ತಿಗಿಂತ ಎರಡು ಬೆರಳು ಕೆಳಗೆ ಹೋಯಿತು. ಗಾಡಿ ಮಾತ್ರ ಅಂದುಕೊಂಡಷ್ಟು ನಿಧಾನ ಆಗಲಿಲ್ಲ. ಎರಡನೇ ಗೇರಿಗೆ ಇಳಿಸಿ, ಪೆಡಲನ್ನು ಮೂರು ನಾಲ್ಕು ಸಲ ತುಳಿದು, ರಸ್ತೆ ಸ್ವಲ್ಪ ಅಗಲ ಇದ್ದ ಕಡೆ ಹೇಗೋ ನಿಲ್ಲಿಸಿದೆ. ಮುಂದಿನ ಚಕ್ರದ ಹತ್ತಿರ ಕೈ ಒಯ್ದರೆ ಒಲೆ ಮುಂದೆ ಕೂತ ಹಾಗೆ ಕಾವು. ಅರ್ಧ ಗಂಟೆ ಅಲ್ಲೇ ಇದ್ದೆವು. ಅಮ್ಮ ಏನೂ ಮಾತಾಡಲಿಲ್ಲ. ಮೊಮ್ಮಗಳ ಕೈ ಹಿಡಿದುಕೊಂಡು ಕೂತಿದ್ದರು.

ಊರಿಗೆ ಬಂದ ಮೇಲೆ ನಾನು ಮೊದಲು ಹುಡುಕಿದ್ದು ದೊಡ್ಡ ಬ್ರೇಕ್ ಕಿಟ್. ಆರು ಪಿಸ್ಟನ್ ಕ್ಯಾಲಿಪರ್, ಗೆರೆ ಕೊರೆದ ಡಿಸ್ಕ್, ಕೆಂಪು ಬಣ್ಣ. (ಚಕ್ರದ ಜೊತೆ ತಿರುಗುವ ಬಿಲ್ಲೆ ಡಿಸ್ಕ್. ಅದನ್ನು ಎರಡೂ ಕಡೆಯಿಂದ ಒತ್ತಿ ಹಿಡಿಯುವ ತುಂಡುಗಳು ಪ್ಯಾಡ್. ಪಿಸ್ಟನ್ ಮೂಲಕ ಆ ಪ್ಯಾಡನ್ನು ಒತ್ತುವ ಭಾಗ ಕ್ಯಾಲಿಪರ್.) ಹಣ ಕಟ್ಟುವ ಮೊದಲು ಪರಿಚಯದ ಹಿರಿಯ ಮೆಕ್ಯಾನಿಕ್ ಒಬ್ಬರು "ಒಂದ್ಸಲ ಚಕ್ರ ಬಿಚ್ಚಿ ನೋಡೋಣ" ಅಂದರು. ಬಿಚ್ಚಿದಾಗ ಕಂಡದ್ದು ಇದು. ಬ್ರೇಕ್ ಆಯಿಲ್ ಕಷಾಯದ ಬಣ್ಣಕ್ಕೆ ತಿರುಗಿತ್ತು. ಎಡ ಮುಂಚಕ್ರದ ಕ್ಯಾಲಿಪರ್ ಜಾರುವ ಪಿನ್ ತುಕ್ಕು ಹಿಡಿದು ಜಾಮ್ ಆಗಿತ್ತು. ಅದರ ಒಳಗಿನ ಪ್ಯಾಡ್ 2 ಮಿ.ಮೀ.ಗೆ ಸವೆದಿದ್ದರೆ ಹೊರಗಿನದು 7 ಮಿ.ಮೀ. ಹಾಗೇ ಇತ್ತು. ಅಂದರೆ ಆ ಚಕ್ರದಲ್ಲಿ ಅರ್ಧ ಬ್ರೇಕ್ ಕೆಲಸವನ್ನೇ ಮಾಡುತ್ತಿರಲಿಲ್ಲ. ಪ್ರತಿ ವರ್ಷದ ಬಿಲ್ಲಿನಲ್ಲೂ 'ಬ್ರೇಕ್ ಸರ್ವಿಸ್' ಅಂತ ಬರೆದಿತ್ತು. ನಾನು ಒಮ್ಮೆಯೂ ಎದುರು ನಿಂತು ನೋಡಿರಲಿಲ್ಲ.

ಹಾಗಾಗಿ ಈ ಲೇಖನದಲ್ಲಿ ಕೆಲಸಗಳನ್ನು ಒಂದು ಕ್ರಮದಲ್ಲಿ ಇಟ್ಟಿದ್ದೇನೆ. ದೊಡ್ಡ ಕಿಟ್ ಕೊನೆಗೆ ಬರುತ್ತದೆ. ತುಂಬ ಜನರಿಗೆ ಅಲ್ಲಿಯವರೆಗೆ ಹೋಗುವ ಅಗತ್ಯವೇ ಬರುವುದಿಲ್ಲ.

ಬ್ರೇಕ್ ಸೋಲುವುದು ಬಿಸಿಗೆ

ಬ್ರೇಕ್ ಮಾಡುವ ಕೆಲಸ ಒಂದೇ. ಓಡುವ ಗಾಡಿಯ ಶಕ್ತಿಯನ್ನು ಬಿಸಿಯಾಗಿ ಬದಲಿಸಿ ಗಾಳಿಗೆ ಬಿಡುವುದು. ಜನ, ಲಗೇಜು ಸೇರಿ 2,500 ಕೆ.ಜಿ. ತೂಗುವ ಗಾಡಿ ಗಂಟೆಗೆ 100 ಕಿ.ಮೀ. ವೇಗದಲ್ಲಿದ್ದರೆ ಅದರಲ್ಲಿ ಹತ್ತಿರ ಹತ್ತಿರ 10 ಲಕ್ಷ ಜೂಲ್ ಶಕ್ತಿ ಇರುತ್ತದೆ. ವೇಗ 80ರಿಂದ 100ಕ್ಕೆ ಏರಿದರೆ ಈ ಶಕ್ತಿ ಒಂದೂವರೆ ಪಟ್ಟಿಗಿಂತ ಜಾಸ್ತಿಯಾಗುತ್ತದೆ.

ಈಗ ಘಾಟಿಯ ಲೆಕ್ಕ ನೋಡಿ. ಇದೇ ಗಾಡಿ 500 ಮೀಟರ್ ಎತ್ತರ ಇಳಿದರೆ 1 ಕೋಟಿ 22 ಲಕ್ಷ ಜೂಲ್ ಎಲ್ಲಿಗಾದರೂ ಹೋಗಲೇಬೇಕು. ಇಂಜಿನ್ ಸಹಾಯ ಮಾಡದಿದ್ದರೆ ಅದರಲ್ಲಿ ಹೆಚ್ಚಿನ ಪಾಲು ಬ್ರೇಕಿನ ತಲೆಗೇ ಬರುತ್ತದೆ. 100ರ ವೇಗದಿಂದ ಹನ್ನೆರಡು ಸಲ ಪೂರ್ತಿ ನಿಲ್ಲಿಸಿದ ಹಾಗೆ ಅದು. ಅದೂ ನಿಧಾನದ ವೇಗದಲ್ಲಿ, ಡಿಸ್ಕಿಗೆ ಗಾಳಿ ಸರಿಯಾಗಿ ತಾಗದೇ ಇರುವಾಗ.

ಬಿಸಿ ಮಿತಿ ಮೀರಿದರೆ ಎರಡು ರೀತಿಯಲ್ಲಿ ಬ್ರೇಕ್ ಕೈ ಕೊಡುತ್ತದೆ. ಇವುಗಳ ವ್ಯತ್ಯಾಸ ಕಾಲಿಗೇ ಗೊತ್ತಾಗುತ್ತದೆ. ಪೆಡಲ್ ಗಟ್ಟಿಯಾಗೇ ಇದ್ದು, ಎಷ್ಟು ಒತ್ತಿದರೂ ಗಾಡಿ ಹಿಡಿಯದಿದ್ದರೆ ಸೋತಿದ್ದು ಪ್ಯಾಡ್. ಪೆಡಲ್ ಮೆತ್ತಗಾಗಿ ಕೆಳಗೆ ಇಳಿದರೆ ಬ್ರೇಕ್ ಆಯಿಲ್ ಕುದ್ದು ಗುಳ್ಳೆ ಎದ್ದಿದೆ ಅಂತ ಅರ್ಥ. ನನಗೆ ಆಗಿದ್ದು ಎರಡನೆಯದು. ಯಾವುದಕ್ಕೆ ಹಣ ಹಾಕಬೇಕು ಅನ್ನುವುದು ಇಲ್ಲೇ ಅರ್ಧ ತೀರ್ಮಾನ ಆಗಿಬಿಡುತ್ತದೆ.

ಮೊದಲು: ಇರುವುದನ್ನು ಸರಿಮಾಡಿ

ನಾಲ್ಕೂ ಚಕ್ರ ಬಿಚ್ಚಿಸಿ, ನೀವೇ ಎದುರು ನಿಂತು ನೋಡಿ. ಒಂದೇ ಚಕ್ರದ ಒಳಗಿನ, ಹೊರಗಿನ ಪ್ಯಾಡ್ ಎರಡೂ ಸರಿಸುಮಾರು ಒಂದೇ ದಪ್ಪ ಇರಬೇಕು. ಇಲ್ಲದಿದ್ದರೆ ಪಿನ್ ಅಥವಾ ಪಿಸ್ಟನ್ ಎಲ್ಲೋ ಹಿಡಿದುಕೊಂಡಿದೆ. ಪಿನ್ ಬೆರಳಲ್ಲಿ ತಳ್ಳಿದರೆ ಜಾರಬೇಕು. ಅದಕ್ಕೆ ಬ್ರೇಕಿಗಂತಲೇ ಬರುವ ಸಿಲಿಕೋನ್ ಗ್ರೀಸ್ ಹಚ್ಚಬೇಕು. ಬೇರಿಂಗಿಗೆ ಹಾಕುವ ಮಾಮೂಲಿ ಗ್ರೀಸ್ ಹಚ್ಚಿದರೆ ಒಳಗಿನ ರಬ್ಬರ್ ಊದಿಕೊಂಡು ಪಿನ್ ಮತ್ತೆ ಜಾಮ್ ಆಗುತ್ತದೆ. ಪಿನ್ನಿನ ರಬ್ಬರ್ ಟೋಪಿ ಹರಿದಿದ್ದರೆ ಬದಲಿಸಿ, ತುಂಬ ಸಣ್ಣ ಖರ್ಚು. ಕರಾವಳಿಯ ಉಪ್ಪುಗಾಳಿಯಲ್ಲಿ ಓಡುವ ಗಾಡಿಗಳಲ್ಲಿ, ಮಲೆನಾಡಿನ ಮಳೆಯಲ್ಲಿ ನೆನೆಯುವ ಗಾಡಿಗಳಲ್ಲಿ ಈ ತೊಂದರೆ ಬೇಗ ಬರುತ್ತದೆ.

ಕಾಲಿನ ಒತ್ತಡವನ್ನು ಹೆಚ್ಚಿಸಿ ಕೊಡುವ ಭಾಗ ಬೂಸ್ಟರ್. ಅದರ ಪರೀಕ್ಷೆ ಮನೆ ಅಂಗಳದಲ್ಲೇ ಮಾಡಬಹುದು. ವ್ಯಾಕ್ಯೂಮ್ ಬೂಸ್ಟರ್ ಇರುವ ಗಾಡಿಗಳಿಗೆ ಇದು ಅನ್ವಯಿಸುತ್ತದೆ. ಇಂಜಿನ್ ಆಫ್ ಇರುವಾಗ ಪೆಡಲನ್ನು ಐದಾರು ಸಲ ತುಳಿಯಿರಿ, ಅದು ಗಟ್ಟಿಯಾಗುತ್ತದೆ. ಕಾಲು ಒತ್ತಿಕೊಂಡೇ ಇಂಜಿನ್ ಸ್ಟಾರ್ಟ್ ಮಾಡಿ. ಪೆಡಲ್ ಒಂದಿಷ್ಟು ತಾನಾಗೇ ಕೆಳಗೆ ಜಾರಬೇಕು. ಜಾರದಿದ್ದರೆ ಬೂಸ್ಟರ್, ಅದರ ಪೈಪ್ ಅಥವಾ ವ್ಯಾಕ್ಯೂಮ್ ಪಂಪ್ ನೋಡಿಸಿ. ಇಂಥ ಗಾಡಿಗೆ ಎಂಥ ಪ್ಯಾಡ್ ಹಾಕಿದರೂ ಸುಖ ಇಲ್ಲ.

ಬ್ರೇಕ್ ಆಯಿಲ್: ಕಡಿಮೆ ಖರ್ಚು, ಜಾಸ್ತಿ ಲಾಭ

ನನ್ನ ಮಟ್ಟಿಗೆ ಅತಿ ದೊಡ್ಡ ಅಪ್‌ಗ್ರೇಡ್ ಅಂದರೆ ಇದೇ. ಬ್ರೇಕ್ ಆಯಿಲ್ ಗಾಳಿಯಲ್ಲಿರುವ ತೇವವನ್ನು ಹೀರಿಕೊಳ್ಳುತ್ತಾ ಇರುತ್ತದೆ. ನೀರು ಸೇರಿದಷ್ಟೂ ಬೇಗ ಕುದಿಯುತ್ತದೆ. ಡಾಟ್ ಅನ್ನುವುದು ಬ್ರೇಕ್ ಆಯಿಲಿನ ದರ್ಜೆ. ಡಾಟ್ 3 ಆಯಿಲ್ ಹೊಸದಾಗಿದ್ದಾಗ ಕುದಿಯದೆ ಕನಿಷ್ಠ 205 ಡಿಗ್ರಿ ಸೆಲ್ಸಿಯಸ್ ತಡೆಯಬೇಕು ಅನ್ನುವುದು ನಿಯಮ. ತೇವ ಹೀರಿದ ಮೇಲಿನ ಮಿತಿ 140 ಡಿಗ್ರಿ ಮಾತ್ರ. ಡಾಟ್ 4ಕ್ಕೆ ಇದೇ ಅಂಕಿಗಳು 230 ಮತ್ತು 155. ಡಾಟ್ 5.1ಕ್ಕೆ 260 ಮತ್ತು 180.

ನಿಮ್ಮ ಗಾಡಿಯಲ್ಲಿ ಡಾಟ್ 3 ಇದ್ದರೆ ಡಾಟ್ 4ಕ್ಕೆ ಹೋಗಬಹುದು, ಎರಡೂ ಒಂದೇ ಜಾತಿಯವು. ಡಾಟ್ 5 ಮಾತ್ರ ಬೇಡ. ಹೆಸರು 5.1ರ ಹಾಗೇ ಕೇಳಿಸಿದರೂ ಅದು ಸಿಲಿಕೋನ್ ಆಯಿಲ್, ಉಳಿದವುಗಳ ಜೊತೆ ಬೆರೆಯುವುದಿಲ್ಲ. ಎರಡು ವರ್ಷಕ್ಕೊಮ್ಮೆ ಪೂರ್ತಿ ಬದಲಿಸಿ. ಪ್ರತಿ ಮಳೆಗಾಲ ಘಾಟಿ ಹತ್ತಿ ಇಳಿಯುವವರು ವರ್ಷಕ್ಕೊಮ್ಮೆ ಬದಲಿಸಿದರೂ ತಪ್ಪಿಲ್ಲ.

ಬದಲಿಸುವುದು ಅಂದರೆ ಮೇಲಿನ ಡಬ್ಬಿಯ ಆಯಿಲ್ ಹೀರಿ ತೆಗೆದು ಹೊಸದು ತುಂಬುವುದಲ್ಲ. ಬಿಸಿ ತಾಗುವುದು ಕ್ಯಾಲಿಪರ್ ಒಳಗಿನ ಆಯಿಲಿಗೆ. ಅದು ಹೊರಗೆ ಬರಬೇಕು ಅಲ್ವಾ? ಅದಕ್ಕೆಂದೇ ಪ್ರತಿ ಚಕ್ರದಲ್ಲೂ ನಿಪ್ಪಲ್ ಅನ್ನುವ ಸಣ್ಣ ತಿರುಪು ಇರುತ್ತದೆ. ನಾಲ್ಕೂ ಚಕ್ರದ ನಿಪ್ಪಲ್‌ಗೆ ಪಾರದರ್ಶಕ ಪೈಪ್ ಹಾಕಿ, ಅದರ ತುದಿಯನ್ನು ಸ್ವಲ್ಪ ಹೊಸ ಆಯಿಲ್ ಇರುವ ಬಾಟಲಿಯಲ್ಲಿ ಮುಳುಗಿಸಿ. ಒಬ್ಬರು ಪೆಡಲ್ ಒತ್ತಿ ಹಿಡಿಯಬೇಕು, ಇನ್ನೊಬ್ಬರು ನಿಪ್ಪಲ್ ಸಡಿಲಿಸಬೇಕು. ಪೆಡಲ್ ಬಿಡುವ ಮೊದಲೇ ನಿಪ್ಪಲ್ ಬಿಗಿ ಆಗಿರಬೇಕು. ಪೈಪಿನಲ್ಲಿ ಕಪ್ಪು ಹೋಗಿ ತಿಳಿ ಬಣ್ಣ ಬರುವವರೆಗೆ, ಗುಳ್ಳೆ ನಿಲ್ಲುವವರೆಗೆ ಮುಂದುವರಿಸಿ. ಮೇಲಿನ ಡಬ್ಬಿ ಒಮ್ಮೆಯೂ ಖಾಲಿ ಆಗಬಾರದು.

ಹಳೆಯ ಗಾಡಿಯಾದರೆ ಪೆಡಲ್ ಕೆಳಗೆ ಒಂದು ಮರದ ತುಂಡು ಇಡಿ. ದಿನಾ ಓಡಿಸುವಾಗ ಪೆಡಲ್ ಪೂರ್ತಿ ತಳಕ್ಕೆ ಹೋಗುವುದಿಲ್ಲ. ಹಾಗಾಗಿ ಪೆಡಲ್ ಒತ್ತಿದಾಗ ಆಯಿಲನ್ನು ಚಕ್ರಗಳಿಗೆ ತಳ್ಳುವ ಮಾಸ್ಟರ್ ಸಿಲಿಂಡರಿನ ಕೊನೆಯ ಭಾಗದಲ್ಲಿ ತುಕ್ಕು, ಕೊಳೆ ಕೂತಿರುತ್ತದೆ. ಏರ್ ತೆಗೆಯುವಾಗ ತಳದವರೆಗೆ ತುಳಿದರೆ ಒಳಗಿನ ಸೀಲ್ ಅಲ್ಲಿ ಉಜ್ಜಿ ಹಾಳಾಗುತ್ತದೆ. ಯಾವ ಚಕ್ರದಿಂದ ಶುರು ಮಾಡಬೇಕು ಅನ್ನುವುದನ್ನು ಸರ್ವಿಸ್ ಮ್ಯಾನ್ಯುಯಲ್ ನೋಡಿ ಮಾಡಿ. ಹೊಸ ಗಾಡಿಗಳಲ್ಲಿ ಎಬಿಎಸ್ (ಜೋರಾಗಿ ಬ್ರೇಕ್ ಒತ್ತಿದಾಗ ಚಕ್ರ ಲಾಕ್ ಆಗದಂತೆ ತಡೆಯುವ ವ್ಯವಸ್ಥೆ) ಒಳಗಿನ ಏರ್ ತೆಗೆಯಲು ಸ್ಕ್ಯಾನರ್ ಬೇಕಾಗಬಹುದು. ಬ್ರೇಕ್ ಆಯಿಲ್ ಪೇಂಟಿನ ಮೇಲೆ ಬಿದ್ದರೆ ಕೂಡಲೇ ನೀರು ಹಾಕಿ ತೊಳೆಯಿರಿ, ಬಣ್ಣ ಕಿತ್ತು ಬರುತ್ತದೆ.

ಪ್ಯಾಡ್ ಆರಿಸುವುದು

ಪ್ಯಾಡಿನ ಹಿಂದೆ ಅಥವಾ ಅಂಚಿನಲ್ಲಿ ಸಣ್ಣ ಅಕ್ಷರಗಳ ಸಾಲು ಇರುತ್ತದೆ. ಅದರ ಕೊನೆಯ ಎರಡು ಇಂಗ್ಲಿಷ್ ಅಕ್ಷರ ನೋಡಿ. ಮೊದಲನೆಯದು ಮಾಮೂಲಿ ಬಿಸಿಯಲ್ಲಿ ಎಷ್ಟು ಹಿಡಿತ ಅಂತ, ಎರಡನೆಯದು ಜಾಸ್ತಿ ಬಿಸಿಯಲ್ಲಿ ಎಷ್ಟು ಅಂತ. 'ಇ' ಅಂದರೆ ಹಿಡಿತದ (ಘರ್ಷಣೆಯ) ಅಂಕ 0.25ರಿಂದ 0.35, 'ಎಫ್' ಅಂದರೆ 0.35ರಿಂದ 0.45, 'ಜಿ' ಅಂದರೆ 0.45ರಿಂದ 0.55. 'ಎಫ್‌ಇ' ಅಂತ ಇದ್ದರೆ ಬಿಸಿಯಾದಾಗ ಹಿಡಿತ ಇಳಿಯುತ್ತದೆ ಅಂತಾಯಿತು. ತೂಕದ ಎಸ್‌ಯುವಿಗೆ ಕನಿಷ್ಠ 'ಎಫ್‌ಎಫ್' ಇರಲಿ ಅನ್ನುವುದು ನನ್ನ ಅಭಿಪ್ರಾಯ. ಇದು ಹಿಡಿತದ ಅಂಕ ಮಾತ್ರ. ಪ್ಯಾಡ್ ಎಷ್ಟು ದಿನ ಬಾಳುತ್ತದೆ ಅನ್ನುವುದನ್ನು ಈ ಅಕ್ಷರ ಹೇಳುವುದಿಲ್ಲ.

ಸೆರಾಮಿಕ್ ಪ್ಯಾಡಿನಲ್ಲಿ ಶಬ್ದ ಕಡಿಮೆ, ಚಕ್ರಕ್ಕೆ ಕಪ್ಪು ಧೂಳು ಮೆತ್ತುವುದೂ ಕಡಿಮೆ. ಊರೊಳಗೆ ಜಾಸ್ತಿ ಓಡಿಸುವವರಿಗೆ ಚೆನ್ನ. ಸೆಮಿ ಮೆಟಾಲಿಕ್ ಪ್ಯಾಡಿನಲ್ಲಿ ಲೋಹದ ಅಂಶ ಜಾಸ್ತಿ. ಸ್ವಲ್ಪ ಕಿರುಗುಟ್ಟಬಹುದು, ಡಿಸ್ಕನ್ನೂ ಸ್ವಲ್ಪ ಜಾಸ್ತಿ ಸವೆಸುತ್ತದೆ. ಆದರೆ ಬಿಸಿ ತಡೆಯುತ್ತದೆ. ಘಾಟಿ, ಭಾರ, ಟ್ರೇಲರ್ ಇರುವವರು ಇದನ್ನೇ ನೋಡಲಿ. ರೇಸಿಂಗ್ ಪ್ಯಾಡ್ ಹಾಕಿಸಬೇಡಿ. ಅದು ಚೆನ್ನಾಗಿ ಕಾದ ಮೇಲೆ ಹಿಡಿಯುವಂಥದ್ದು. ಬೆಳಿಗ್ಗೆ ತಣ್ಣಗಿರುವಾಗ ಗೇಟಿನಿಂದ ಹೊರಗೆ ಬಂದ ಕೂಡಲೇ ಎದುರಿಗೆ ಸ್ಕೂಲ್ ಮಗು ಬಂದರೆ ಏನು ಮಾಡುತ್ತೀರಿ?

ನಕಲಿ ಪ್ಯಾಡ್ ಹಾವಳಿ ಜಾಸ್ತಿ. ಬಿಲ್ ಕೊಡುವ ಅಂಗಡಿಯಲ್ಲೇ ತೆಗೆದುಕೊಳ್ಳಿ.

ಡಿಸ್ಕ್, ಹೋಸ್

ಡಿಸ್ಕಿನ ಅಂಚಿನಲ್ಲೋ ನಡುವಿನ ಭಾಗದಲ್ಲೋ ಕನಿಷ್ಠ ದಪ್ಪ ಎಷ್ಟಿರಬೇಕು ಅಂತ ಕೆತ್ತಿರುತ್ತಾರೆ. ಮೈಕ್ರೋಮೀಟರ್ ಹಿಡಿದು ನಾಲ್ಕೈದು ಕಡೆ ಅಳೆಯಿಸಿ. ಲೇತ್‌ಗೆ ಕೊಟ್ಟು ಉಜ್ಜಿಸಿದ ಮೇಲೂ ಆ ಅಳತೆಗಿಂತ ಜಾಸ್ತಿ ಉಳಿಯುವುದಾದರೆ ಮಾತ್ರ ಉಜ್ಜಿಸಿ. ತೆಳ್ಳಗಾದ ಡಿಸ್ಕ್ ಬೇಗ ಕಾಯುತ್ತದೆ. ಹಳೇ ತವಾ ತೆಳ್ಳಗಾದಷ್ಟೂ ಬೇಗ ಕಾಯುವುದಿಲ್ಲವಾ, ಹಾಗೇ.

ಹೊಸ ಡಿಸ್ಕ್ ಹಾಕುವುದಾದರೆ ನನ್ನ ಮತ ಗೆರೆ ಕೊರೆದದ್ದಕ್ಕೆ ಅಥವಾ ಒಳ್ಳೆಯ ಗುಣಮಟ್ಟದ ಸಾದಾ ಡಿಸ್ಕಿಗೆ. ಗೆರೆಗಳು ಕೆಸರು, ಧೂಳನ್ನು ಹೊರಗೆ ಹಾಕುತ್ತವೆ. ತೂತು ಕೊರೆದ ಡಿಸ್ಕ್ ನೋಡಲು ಚಂದ. ಆದರೆ ಭಾರದ ಗಾಡಿಯಲ್ಲಿ ಪದೇ ಪದೇ ಕಾದು ತಣ್ಣಗಾದರೆ ತೂತಿನ ಅಂಚಿನಿಂದ ಬಿರುಕು ಶುರುವಾಗಬಹುದು.

ಕ್ಯಾಲಿಪರಿಗೆ ಆಯಿಲ್ ಒಯ್ಯುವ ರಬ್ಬರ್ ಹೋಸ್ ಹಳತಾದರೆ ಒತ್ತಡಕ್ಕೆ ಉಬ್ಬುತ್ತದೆ, ಪೆಡಲ್ ಮೆತ್ತಗೆ ಅನ್ನಿಸುತ್ತದೆ. ಬಗ್ಗಿಸಿ ನೋಡಿ, ಬಿರುಕು ಕಂಡರೆ ಬದಲಿಸಿ. ಸ್ಟೀಲ್ ಹೆಣಿಗೆಯ ಹೋಸ್ ಹಾಕಿದರೆ ಪೆಡಲ್ ಗಟ್ಟಿ ಆಗುತ್ತದೆ, ಬ್ರೇಕಿನ ಬಲ ಮಾತ್ರ ಏರುವುದಿಲ್ಲ. ಸ್ಟಿಯರಿಂಗ್ ಎರಡೂ ಕಡೆ ಪೂರ್ತಿ ತಿರುಗಿಸಿದಾಗ, ಚಕ್ರ ಕೆಳಗೆ ಇಳಿಬಿದ್ದಾಗ ಹೋಸ್ ಎಳೆಯಬಾರದು, ಎಲ್ಲೂ ಉಜ್ಜಬಾರದು.

ಹಿಂದಿನ ಡ್ರಮ್ ಮರೆಯಬೇಡಿ

2009ರಲ್ಲಿ ನಮ್ಮ ದೇಶಕ್ಕೆ ಬಂದ ಮೊದಲ ಟೊಯೋಟಾ ಫಾರ್ಚ್ಯೂನರ್‌ಗೆ ಹಿಂದೆ ಡ್ರಮ್ ಬ್ರೇಕೇ ಇತ್ತು, ಅಂದರೆ ತಿರುಗುವ ಡಬ್ಬಿಯ ಒಳಮೈಗೆ ಲೈನರ್ ಒತ್ತಿ ನಿಲ್ಲಿಸುವ ಬ್ರೇಕ್. 2016ರಲ್ಲಿ ಬಂದ ಎರಡನೇ ತಲೆಮಾರಿಗೆ ಹಿಂದೆಯೂ ಡಿಸ್ಕ್ ಬಂತು. ಅದಕ್ಕೇ ಹಳೆಯ ಗಾಡಿಯವರು "ಹಿಂದೆ ಡಿಸ್ಕ್ ಹಾಕಿಸಲಾ?" ಅಂತ ಕೇಳುತ್ತಾರೆ. ನಾನು ಬೇಡ ಅನ್ನುತ್ತೇನೆ. ಬ್ರೇಕ್ ಹಾಕಿದಾಗ ಭಾರ ಮುಂದಕ್ಕೆ ವಾಲುತ್ತದೆ, ಹೆಚ್ಚಿನ ಕೆಲಸ ಮುಂದಿನ ಡಿಸ್ಕೇ ಮಾಡುತ್ತದೆ. ಹಿಂದೆ ಡಿಸ್ಕ್ ಹಾಕಿದರೆ ಹ್ಯಾಂಡ್ ಬ್ರೇಕ್, ಒತ್ತಡದ ಹಂಚಿಕೆ, ಎಬಿಎಸ್ ಎಲ್ಲ ಹೊಂದಿಸಬೇಕು. ಅದರ ಬದಲು ಡ್ರಮ್ ಬಿಚ್ಚಿಸಿ ಧೂಳು ತೆಗೆಸಿ. ಏರ್ ಹೊಡೆದು ಊದಿಸಬೇಡಿ, ಆ ಧೂಳು ಎದೆಗೆ ಕೆಟ್ಟದ್ದು. ಒದ್ದೆ ಬಟ್ಟೆಯಲ್ಲಿ ಒರೆಸಲಿ. ಲೈನರ್ ದಪ್ಪ ನೋಡಿ, ಲೈನರನ್ನು ತಳ್ಳುವ ವೀಲ್ ಸಿಲಿಂಡರ್ ಸೋರುತ್ತಿದೆಯಾ ನೋಡಿ, ಅಡ್ಜಸ್ಟ್ ಮಾಡಿಸಿ. ಡ್ರಮ್ ಸಡಿಲ ಇದ್ದರೆ ಪೆಡಲ್ ತುಂಬ ಕೆಳಗೆ ಹೋದ ಮೇಲೆಯೇ ಬ್ರೇಕ್ ಹಿಡಿಯುತ್ತದೆ.

ಟೈರ್ ಮತ್ತು ಲಿಫ್ಟ್ ಕಿಟ್

ಗಾಡಿಯನ್ನು ಕೊನೆಗೆ ನಿಲ್ಲಿಸುವುದು ಟೈರ್. ನಿಮ್ಮ ಈಗಿನ ಬ್ರೇಕ್ ಜೋರಾಗಿ ಒತ್ತಿದಾಗ ಎಬಿಎಸ್ ಕೆಲಸ ಶುರು ಮಾಡುತ್ತದೆ ಅಂದರೆ, ಬ್ರೇಕಿನ ಬಲ ಟೈರ್ ಹಿಡಿತವನ್ನು ಆಗಲೇ ಮೀರಿದೆ. ಅಲ್ಲಿಂದ ಮುಂದೆ ಒಂದು ಸಲದ ನಿಲುಗಡೆಯ ದೂರ ಕಡಿಮೆಯಾಗಬೇಕಾದರೆ ಒಳ್ಳೆಯ ಟೈರ್ ಬೇಕು. ದೊಡ್ಡ ಬ್ರೇಕ್ ಕೊಡುವ ಲಾಭ ಬಿಸಿ ತಡೆಯುವುದರಲ್ಲಿ.

ದೊಡ್ಡ ಟೈರ್ ಹಾಕಿದರೆ ಬ್ರೇಕಿನ ಬಲ ಸ್ವಲ್ಪ ಕಡಿಮೆಯಾಗುತ್ತದೆ. 265/65 ಆರ್17 ಟೈರಿನ ಎತ್ತರ 776 ಮಿ.ಮೀ. 285/65 ಆರ್17 ಹಾಕಿದರೆ 802 ಮಿ.ಮೀ. ಅಷ್ಟೇ ಬಲದಲ್ಲಿ ಒತ್ತಿದರೂ ರಸ್ತೆಗೆ ಸಿಗುವ ಬ್ರೇಕ್ ಶೇ 3ರಷ್ಟು ಕಡಿಮೆ, ಮೇಲೆ ಟೈರಿನ ತೂಕ ಬೇರೆ. ಹಾಗೇ ಹಳೆಯ ಕೆಲವು ಎಸ್‌ಯುವಿಗಳ ಹಿಂದಿನ ಆಕ್ಸಲ್ ಹತ್ತಿರ ಸಣ್ಣ ಸರಳಿಗೆ ಜೋಡಿಸಿದ ಒಂದು ವಾಲ್ವ್ ಇರುತ್ತದೆ. ಭಾರಕ್ಕೆ ಬಾಡಿ ಕುಗ್ಗಿದರೆ ಹಿಂದಿನ ಬ್ರೇಕಿಗೆ ಜಾಸ್ತಿ ಒತ್ತಡ ಬಿಡುವುದು ಅದರ ಕೆಲಸ. ಲಿಫ್ಟ್ ಕಿಟ್ ಹಾಕಿ ಗಾಡಿ ಎತ್ತರಿಸಿದರೆ ಆ ವಾಲ್ವಿನ ಲೆಕ್ಕದಲ್ಲಿ ಹಿಂದೆ ಭಾರವೇ ಇಲ್ಲ. ಹಿಂದಿನ ಬ್ರೇಕಿಗೆ ಬರಬೇಕಾದಷ್ಟು ಒತ್ತಡ ಬರುವುದಿಲ್ಲ. ಲಿಫ್ಟ್ ಆದ ಮೇಲೆ ಅದನ್ನು ಮರುಹೊಂದಿಸಲೇಬೇಕು.

ಇಷ್ಟಾದ ಮೇಲೂ ಸಾಲದಿದ್ದರೆ ದೊಡ್ಡ ಕಿಟ್

ದಿನಾ ಘಾಟಿ ಓಡಿಸುವವರು, ಟ್ರೇಲರ್ ಎಳೆಯುವವರು, ಬುಲ್ ಬಾರ್, ವಿಂಚ್ ಅಂತ ತೂಕ ಏರಿಸಿಕೊಂಡವರು ಇದನ್ನು ಯೋಚಿಸಬಹುದು. ನಿಮ್ಮ ಮಾಡೆಲ್, ವರ್ಷಕ್ಕೆಂದೇ ತಯಾರಾದ ಕಿಟ್ ಮಾತ್ರ ತೆಗೆದುಕೊಳ್ಳಿ. ಬೇರೆ ಗಾಡಿಯ ಕ್ಯಾಲಿಪರ್‌ಗೆ ಬ್ರಾಕೆಟ್ ವೆಲ್ಡ್ ಮಾಡಿ ಕೂರಿಸುವುದು ಬೇಡವೇ ಬೇಡ. ಪಿಸ್ಟನ್‌ಗಳ ಒಟ್ಟು ಅಳತೆ ಮೂಲಕ್ಕಿಂತ ತುಂಬ ಜಾಸ್ತಿ ಆದರೆ ಮಾಸ್ಟರ್ ಸಿಲಿಂಡರ್ ಅಷ್ಟು ಆಯಿಲ್ ತಳ್ಳಲಾರದೆ ಪೆಡಲ್ ಉದ್ದ ಹೋಗುತ್ತದೆ. ಚಕ್ರದ ಒಳಗೆ ಕ್ಯಾಲಿಪರ್ ತಾಗುತ್ತದೆಯಾ ಅಂತ ಕಾಗದದ ಅಚ್ಚು ಕತ್ತರಿಸಿ ಮೊದಲೇ ನೋಡಿ. ಸ್ಟೆಪ್ನಿಗೂ ಇಟ್ಟು ನೋಡಿ, ತುಂಬ ಜನ ಅದನ್ನು ಮರೆಯುತ್ತಾರೆ. ಶಿರಸಿಯಲ್ಲೋ ಕೊಪ್ಪದಲ್ಲೋ ಗಾಡಿ ನಿಂತರೆ ಆ ಕಿಟ್‌ನ ಪ್ಯಾಡ್ ಸಿಗುತ್ತದೆಯಾ ಅಂತಲೂ ಯೋಚಿಸಿ.

1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಗಾಡಿಯ ಮೂಲ ವಿವರ ಬದಲಿಸುವುದಕ್ಕೆ ಮಿತಿ ಹಾಕುತ್ತದೆ. ಕಿಟ್ ಹಾಕಿಸುವ ಮೊದಲು ಆರ್‌ಟಿಒದಲ್ಲಿ ಕೇಳಿ, ಇನ್ಶೂರೆನ್ಸ್ ಕಂಪನಿಗೆ ಬರೆದು ತಿಳಿಸಿ, ಉತ್ತರವನ್ನು ಬರಹದಲ್ಲೇ ಪಡೆಯಿರಿ. ವಾರಂಟಿ ಇದ್ದರೆ ಅದನ್ನೂ ಕೇಳಿಕೊಳ್ಳಿ.

ಪ್ಯಾಡ್, ಡಿಸ್ಕ್ ಹಾಕುವಾಗ ಎದುರು ನಿಂತು ನೋಡಬೇಕಾದದ್ದು

ಗಾಡಿ ಜಾಕ್ ಮೇಲೆ ಮಾತ್ರ ನಿಂತಿರಬಾರದು, ಸ್ಟ್ಯಾಂಡ್ ಕೊಟ್ಟಿರಬೇಕು, ಉಳಿದ ಚಕ್ರಕ್ಕೆ ಕಲ್ಲು ಇಟ್ಟಿರಬೇಕು. ಬಿಚ್ಚಿದ ಕ್ಯಾಲಿಪರನ್ನು ಹೋಸ್ ಮೇಲೆ ಜೋತು ಬಿಡಬಾರದು, ತಂತಿಯಲ್ಲಿ ಸ್ಪ್ರಿಂಗಿಗೆ ಕಟ್ಟಬೇಕು. ಡಿಸ್ಕ್ ಕೂರುವ ಹಬ್ ಮೇಲಿನ ತುಕ್ಕನ್ನು ತಂತಿ ಬ್ರಷ್‌ನಲ್ಲಿ ಹೊಳೆಯುವ ಹಾಗೆ ಉಜ್ಜಬೇಕು. ಇದೊಂದು ಕೆಲಸವನ್ನು ನಮ್ಮಲ್ಲಿ ತುಂಬ ಕಡೆ ಬಿಡುತ್ತಾರೆ. ಅಕ್ಕಿಕಾಳಿನ ಚೂರಿನಷ್ಟು ತುಕ್ಕು ಉಳಿದರೂ ಡಿಸ್ಕ್ ಓರೆಯಾಗಿ ತಿರುಗುತ್ತದೆ. ಕೆಲವು ಸಾವಿರ ಕಿ.ಮೀ. ಆದ ಮೇಲೆ ಸ್ಟಿಯರಿಂಗ್ ನಡುಗಲು ಶುರುವಾಗುತ್ತದೆ. ಆಗ "ಡಿಸ್ಕ್ ಸರಿ ಇಲ್ಲ" ಅಂತ ಡಿಸ್ಕಿನ ಮೇಲೆ ತಪ್ಪು ಹೊರಿಸುತ್ತಾರೆ. ಹೊಸ ಡಿಸ್ಕಿಗೆ ಹಚ್ಚಿರುವ ಎಣ್ಣೆಯನ್ನು ಬ್ರೇಕ್ ಕ್ಲೀನರ್‌ನಲ್ಲಿ ತೆಗೆಯಬೇಕು.

ಪಿಸ್ಟನ್ ಹಿಂದಕ್ಕೆ ತಳ್ಳುವಾಗ ಮೇಲಿನ ಡಬ್ಬಿ ತುಂಬಿ ಚೆಲ್ಲದಂತೆ ಗಮನ ಇರಲಿ. ಎಲೆಕ್ಟ್ರಾನಿಕ್ ಪಾರ್ಕಿಂಗ್ ಬ್ರೇಕ್ ಇದ್ದರೆ ಮೊದಲು ಸರ್ವಿಸ್ ಮೋಡ್‌ಗೆ ಹಾಕದೆ ಹಿಂದಿನ ಪಿಸ್ಟನ್ ಮುಟ್ಟಬಾರದು. ಕ್ಯಾಲಿಪರ್ ಬೋಲ್ಟ್, ಚಕ್ರದ ನಟ್ ಎರಡನ್ನೂ ಮ್ಯಾನ್ಯುಯಲ್‌ನ ಅಳತೆಗೆ ಟಾರ್ಕ್ ರೆಂಚ್‌ನಲ್ಲೇ ಬಿಗಿ ಮಾಡಿಸಿ. ಕೆಲಸ ಮುಗಿದ ಮೇಲೆ ಗಾಡಿ ಕದಲಿಸುವ ಮೊದಲು ಪೆಡಲ್ ಗಟ್ಟಿಯಾಗುವವರೆಗೆ ತುಳಿಯಿರಿ. ಮೊದಲ ಸಲ ಅದು ತಳಕ್ಕೇ ಹೋಗುತ್ತದೆ. ಇದನ್ನು ಮರೆತು ಎದುರಿನ ಗೋಡೆಗೆ ಗುದ್ದಿದವರಿದ್ದಾರೆ.

ಪ್ಯಾಡ್ ಕೂರಿಸುವುದು

ಹೊಸ ಪ್ಯಾಡ್, ಡಿಸ್ಕ್ ಒಂದಕ್ಕೊಂದು ಹೊಂದಿಕೊಳ್ಳಬೇಕು. ಪ್ಯಾಡ್ ತಯಾರಿಸಿದವರು ಹೇಳಿದ ಕ್ರಮ ಇದ್ದರೆ ಅದನ್ನೇ ಪಾಲಿಸಿ. ಇಲ್ಲದಿದ್ದರೆ ಭಾನುವಾರ ಬೆಳಿಗ್ಗೆ ಖಾಲಿ ರಸ್ತೆಗೆ ಹೋಗಿ. ಹಿಂದೆ ಯಾರೂ ಇಲ್ಲ ಅಂತ ನೋಡಿಕೊಂಡು, 60ರ ವೇಗದಿಂದ 15ಕ್ಕೆ ಮಧ್ಯಮ ಬಲದಲ್ಲಿ ಇಳಿಸಿ. ಹೀಗೆ ಎಂಟು ಹತ್ತು ಸಲ. ನಡುವೆ ಪೂರ್ತಿ ನಿಲ್ಲಿಸಬೇಡಿ. ಕಾದ ಪ್ಯಾಡ್ ಒಂದೇ ಕಡೆ ಒತ್ತಿಕೊಂಡರೆ ಅದರ ಅಚ್ಚು ಡಿಸ್ಕ್ ಮೇಲೆ ಉಳಿಯುತ್ತದೆ. ಆಮೇಲೆ ಹತ್ತು ನಿಮಿಷ ಬ್ರೇಕ್ ಆದಷ್ಟು ಮುಟ್ಟದೆ ಓಡಿಸಿ ತಣಿಸಿ. ಸ್ವಲ್ಪ ವಾಸನೆ ಬರುವುದು ಸಹಜ. ಡಿಸ್ಕ್ ಮೇಲೆ ಸಮನಾದ ಬೂದು ಬಣ್ಣ ಕಂಡರೆ ಸರಿಯಾಗಿ ಕೂತಿದೆ.

ಆಮೇಲೆ ಘಾಟಿಗೆ

ಇಳಿಜಾರು ಶುರುವಾಗುವ ಮೊದಲೇ ಗೇರ್ ಇಳಿಸಿ. ಹತ್ತುವಾಗ ಯಾವ ಗೇರ್ ಬೇಕಾಗುತ್ತದೋ ಇಳಿಯುವಾಗಲೂ ಸಾಮಾನ್ಯವಾಗಿ ಅದೇ. ಆಟೋಮ್ಯಾಟಿಕ್ ಆದರೆ ಮ್ಯಾನ್ಯುಯಲ್ ಮೋಡ್‌ಗೆ ಹಾಕಿ 2 ಅಥವಾ 3ರಲ್ಲಿ ಹಿಡಿದಿಡಿ. ಸುಮ್ನೆ ಪೆಡಲ್ ಮೇಲೆ ಕಾಲಿಟ್ಟುಕೊಂಡು ಉಜ್ಜುತ್ತಾ ಇಳಿಯಬೇಡಿ. ಗಟ್ಟಿಯಾಗಿ ಒತ್ತಿ ವೇಗ ಇಳಿಸಿ, ಕಾಲು ತೆಗೆಯಿರಿ, ಡಿಸ್ಕ್ ಉಸಿರಾಡಲಿ. ವಾಸನೆ ಬಂದರೆ ಜಾಗ ನೋಡಿ ನಿಲ್ಲಿಸಿ. ಚಕ್ರಕ್ಕೆ ನೀರು ಹೊಯ್ಯಬೇಡಿ, ಕಾದ ಡಿಸ್ಕ್ ಬಿರುಕು ಬಿಡಬಹುದು.

ನಮ್ಮ ಗಾಡಿಗೆ ಕೊನೆಗೆ ಹಾಕಿಸಿದ್ದು ಇಷ್ಟೇ. ಡಾಟ್ 4 ಆಯಿಲ್, ಹೊಸ ಪಿನ್‌ಗಳು, ಸಾದಾ ಡಿಸ್ಕ್, ಸೆಮಿ ಮೆಟಾಲಿಕ್ ಪ್ಯಾಡ್, ಹೊಸ ಹೋಸ್. ಮುಂದಿನ ಮಳೆಗಾಲ ಅದೇ ಏಳು ಜನ ಅದೇ ಚಾರ್ಮಾಡಿಯಲ್ಲಿ ಇಳಿದೆವು. ಕೆಳಗೆ ಬಂದು ಟೀಗೆ ನಿಲ್ಲಿಸಿದಾಗ ನಾಲ್ಕೂ ಚಕ್ರದ ಹತ್ತಿರ ಕೈ ಹಿಡಿದು ನೋಡಿದೆ. ಎಡದ್ದೂ ಬಲದ್ದೂ ಒಂದೇ ಸಮ ಬೆಚ್ಚಗಿತ್ತು. ನೀವೂ ಹೊಸ ಬ್ರೇಕ್ ಹಾಕಿಸಿದ ಮೇಲೆ ಮೊದಲ 500 ಕಿ.ಮೀ. ಒಳಗೆ ಒಮ್ಮೆ ಹೀಗೆ ನೋಡಿ. ಒಂದು ಚಕ್ರ ಮಾತ್ರ ಜಾಸ್ತಿ ಕಾದಿದ್ದರೆ ಆ ಕ್ಯಾಲಿಪರ್ ಬಿಡುತ್ತಿಲ್ಲ ಅಂತ ಅರ್ಥ. ಅದೇ ದಿನ ನಟ್ ಬಿಗಿ, ಡಬ್ಬಿಯಲ್ಲಿನ ಆಯಿಲ್ ಮಟ್ಟ ಎರಡನ್ನೂ ನೋಡಿಬಿಡಿ.